ಚಕ್ಕೋತದ ಜಪಾನಿ ಹೆಸರೂ ನಮ್ಮ ಹಿತ್ತಲ ಮರವೂ



ಕಳೆದ ವರ್ಷ ಮಳೆ ಹಿಡಿಯುವ ಮುನ್ನ ನಾವು ಉಜಿರೆಯ ಆಸುಪಾಸಿನ ಸದಸ್ಯರೊಬ್ಬರ ತೋಟಕ್ಕೆ ಹೋಗಿದ್ದೆವು. ಹೋದದ್ದು ಅಡಿಕೆಯ ಎಲೆಚುಕ್ಕಿ ರೋಗ ನೋಡಲು. ನೋಡಿ ಮುಗಿಸಿ ಅಂಗಳಕ್ಕೆ ಬಂದು ಬೆಲ್ಲ ನೀರು ಕುಡಿಯುತ್ತಿದ್ದಾಗ ಹಟ್ಟಿಯ ಹಿಂದೆ ಎರಡು ಚಕ್ಕೋತ ಮರಗಳು ಕಣ್ಣಿಗೆ ಬಿದ್ದವು. ಒಂದು ಮುದಿ ಮರ. ಬುಡದಲ್ಲಿ ತೊಗಟೆ ಕೊಳೆತು ಅರ್ಧ ಭಾಗ ಒಣಗಿತ್ತು. ಇನ್ನೊಂದು ಸೊಂಪಾಗಿ ಬೆಳೆದ ಹತ್ತು ಹನ್ನೆರಡು ವರ್ಷದ ಮರ. ಆದರೆ ಮನೆಯವರು ಕತ್ತಿ ಮಸೆದು ಇಟ್ಟದ್ದು ಆ ಎಳೆಯ ಮರಕ್ಕೆ.

ಕಾರಣ ಕೇಳಿದೆವು. ಮುದಿ ಮರ ಅಜ್ಜನ ಕಾಲದ್ದು, ಅದರ ಹಣ್ಣಿನ ತೊಳೆ ಕೆಂಪು, ಸಿಹಿ. ಎಳೆಯದು ಅದೇ ಹಣ್ಣಿನ ಬೀಜದಿಂದ ಎಬ್ಬಿಸಿದ್ದು. ಎಂಟು ವರ್ಷ ನೀರು ಗೊಬ್ಬರ ಕೊಟ್ಟು ಸಾಕಿದ ಮೇಲೆ ಬಿಟ್ಟ ಹಣ್ಣು ಬಿಳಿ, ಬಾಯಿಗಿಡಲಾರದಷ್ಟು ಕಹಿ. "ಅದಕ್ಕೂ ಚಕ್ಕೋತವೆಂದೇ ಹೆಸರು, ಇದಕ್ಕೂ ಚಕ್ಕೋತವೆಂದೇ ಹೆಸರು. ಹೆಸರು ಮಾತ್ರ ಉಳಿಯಿತು ಮಾರಾಯ್ರೆ, ಹಣ್ಣು ಹೋಯಿತು" ಎಂದು ಅವರು ನಿಟ್ಟುಸಿರು ಬಿಟ್ಟರು.

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಹೆಸರು ಉಳಿಯುವುದು ಹೇಗೆ, ಹಣ್ಣು ಉಳಿಯುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟಾಗ ಚಕ್ಕೋತವೇ ನಮ್ಮನ್ನು ದೂರದ ಜಪಾನಿನವರೆಗೆ ಕರೆದುಕೊಂಡು ಹೋಯಿತು. ಅಲ್ಲಿ ಈ ಹಣ್ಣಿಗೆ ಒಂದಲ್ಲ, ಎರಡು ಹೆಸರು. ಎರಡಕ್ಕೂ ಕಥೆಯಿದೆ. ಒಂದು ಕಥೆಯ ದಾರಿ ನಮ್ಮ ಕರಾವಳಿಯ ಪಕ್ಕದಲ್ಲಿಯೇ ಹಾದುಹೋಗುತ್ತದೆ.

ಅಕುನೆಯ ಕಪ್ತಾನ

ಜಪಾನಿನ ದಕ್ಷಿಣ ಭಾಗದಲ್ಲಿ ಕಾಗೋಶಿಮಾ ಎಂಬ ಸೀಮೆಯಿದೆ. ಹಿಂದೆ ಇದನ್ನು ಸತ್ಸುಮಾ ಎಂದು ಕರೆಯುತ್ತಿದ್ದರು. ಅಲ್ಲಿನ ಅಕುನೆ ಎಂಬ ಕಡಲತಡಿಯ ಊರಿನವರು ಹೇಳುವ ಕಥೆ ಹೀಗಿದೆ. 1772ರಲ್ಲಿ ಚೀನಾದ ಒಂದು ವ್ಯಾಪಾರದ ಹಡಗು ಬಿರುಗಾಳಿಗೆ ಸಿಕ್ಕಿ ಅಕುನೆಯ ದಡ ಸೇರಿತು. ಊರವರು ಹಡಗಿನವರಿಗೆ ಆಸರೆ ಕೊಟ್ಟು ಉಪಚರಿಸಿದರು. ಹಡಗಿನ ಕಪ್ತಾನನ ಹೆಸರು ಶ್ಯೆ ವೆನ್‌ತಾನ್. ಉಪಕಾರಕ್ಕೆ ಪ್ರತಿಯಾಗಿ ಆತ ತನ್ನಲ್ಲಿದ್ದ ದೊಡ್ಡ ಹಣ್ಣುಗಳನ್ನು ಊರವರಿಗೆ ಕೊಟ್ಟು ಹೋದ. ಅದರ ಬೀಜಗಳಿಂದ ಮರಗಳಾದವು.

ಚೀನೀ ಅಕ್ಷರಗಳನ್ನು ಜಪಾನಿನವರು ತಮ್ಮ ಉಚ್ಚಾರದಲ್ಲಿ ಓದುತ್ತಾರೆ. ವೆನ್‌ತಾನ್ ಎಂಬುದು ಅವರ ಬಾಯಲ್ಲಿ 'ಬುಂತಾನ್' ಆಯಿತು, ಅಕುನೆಯ ಕಡೆ 'ಬೊಂತಾನ್' ಆಯಿತು. ಇಂದಿಗೂ ಜಪಾನಿನಲ್ಲಿ ಚಕ್ಕೋತಕ್ಕೆ ಬುಂತಾನ್ ಎಂದೇ ಹೆಸರು. ಕಪ್ತಾನನ ಮನೆತನದ ಹೆಸರಾದ 'ಶ್ಯೆ' ಎಂಬ ಅಕ್ಷರಕ್ಕೆ ಕೃತಜ್ಞತೆ ಎಂಬ ಅರ್ಥವೂ ಇದೆ. ಉಪಕಾರ ಸ್ಮರಣೆಗೆ ಕೊಟ್ಟ ಹಣ್ಣಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಬೇಕೆ? ಅಕುನೆಯವರು ಈ ಹಣ್ಣನ್ನು ತಮ್ಮ ಊರಿನ ಗುರುತಾಗಿ ಇಟ್ಟುಕೊಂಡಿದ್ದಾರೆ.

ಕಥೆ ಚೆನ್ನಾಗಿದೆ. ಆದರೆ ಕೃಷಿಕರಾದ ನಾವು ಕಥೆಯನ್ನೂ ಅಡಿಕೆಯಂತೆ ಒಡೆದು ನೋಡಿಯೇ ಬೆಲೆ ಕಟ್ಟಬೇಕು. ಚೀನಾದ ಫ್ಯೂಜಿಯನ್ ಪ್ರಾಂತದಲ್ಲಿಯೂ ತೈವಾನಿನಲ್ಲಿಯೂ ಚಕ್ಕೋತದ ಒಂದು ಒಳ್ಳೆಯ ಜಾತಿಗೆ 'ವೆನ್‌ತಾನ್' ಎಂದೇ ಹೆಸರಿದೆ. ಅಲ್ಲಿನವರ ಕಥೆಯಲ್ಲಿ ಕಪ್ತಾನನಿಲ್ಲ, ನಾಟಕದವನಿದ್ದಾನೆ. ಚೀನೀ ಸಂಗೀತ ನಾಟಕದಲ್ಲಿ ಸ್ತ್ರೀವೇಷಕ್ಕೆ 'ತಾನ್' ಎನ್ನುತ್ತಾರೆ. ವೆನ್ ಎಂಬ ಮನೆತನದ ಒಬ್ಬ ಸ್ತ್ರೀವೇಷಧಾರಿಯ ಹಿತ್ತಲಿನಲ್ಲಿ ಒಳ್ಳೆಯ ಚಕ್ಕೋತ ಇತ್ತು, ಅದರಿಂದ ಹಣ್ಣಿಗೆ ಆ ಹೆಸರು ಬಂತು ಎಂದು ಅವರ ಹೇಳಿಕೆ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಣ್ಣಿಗೆ ತಾಯ್ನೆಲದಲ್ಲಿಯೇ ಈ ಹೆಸರು ಇದೆಯೆಂದ ಮೇಲೆ ಹಣ್ಣೂ ಹೆಸರೂ ಒಂದೇ ಹಡಗಿನಲ್ಲಿ ಜೊತೆಯಾಗಿ ಬಂದುವೆಂದು ತಿಳಿಯುವುದು ಸರಳ. ದಡದಲ್ಲಿದ್ದವರು "ಇದೇನು?" ಎಂದು ಕೇಳಿರಬೇಕು, ಕಪ್ತಾನ "ವೆನ್‌ತಾನ್" ಎಂದಿರಬೇಕು. ಹೇಳಿದ್ದು ಹಣ್ಣಿನ ಹೆಸರು, ಕೇಳಿದವರು ತಿಳಿದದ್ದು ಮನುಷ್ಯನ ಹೆಸರು. ಇದು ನಮ್ಮ ಊಹೆ. ಭಾಷೆ ಬಾರದವರ ನಡುವೆ ಇಂಥದು ಆಗದ ಮಾತಲ್ಲ.

ಗೋವೆಯಿಂದ ಹೊರಟ ಹಡಗು

ಜಪಾನಿನಲ್ಲಿ ಇದೇ ಹಣ್ಣಿಗೆ ಇರುವ ಇನ್ನೊಂದು ಹೆಸರು 'ಝಬೊನ್'. ಇದನ್ನೂ ಕಪ್ತಾನನ ಹೆಸರಿನ ಮೊದಲ ಭಾಗಕ್ಕೇ ಜೋಡಿಸುವವರಿದ್ದಾರೆ. ಆದರೆ ನಿಘಂಟುಗಳು ತೋರಿಸುವ ಮೂಲ ಪೋರ್ಚುಗೀಸ್ ಭಾಷೆಯ 'ಝಂಬೋವಾ' ಎಂಬ ಶಬ್ದ. ಅದು ಪೋರ್ಚುಗೀಸರಿಗೆ ಬಂದದ್ದು ಅರಬ್ಬಿಯಿಂದ. ನಿಂಬೆಯ ಕುಲದ ಒಂದು ದಪ್ಪ ಸಿಪ್ಪೆಯ ಹಣ್ಣಿಗೆ ಅರಬರಿಟ್ಟ ಹೆಸರು ಅದು.

ಪೋರ್ಚುಗೀಸರು ಜಪಾನಿನ ದಡ ಮುಟ್ಟಿದ್ದು 1543ರಲ್ಲಿ. ಅದಕ್ಕೂ ಮೊದಲೇ, 1510ರಲ್ಲಿ ಗೋವೆ ಅವರ ಕೈಸೇರಿತ್ತು. ಫ್ರಾನ್ಸಿಸ್ ಝೇವಿಯರ್ 1549ರ ಎಪ್ರಿಲಿನಲ್ಲಿ ಗೋವೆಯಿಂದ ಹೊರಟು ಅದೇ ಆಗಸ್ಟಿನಲ್ಲಿ ಇಳಿದದ್ದು ಕಾಗೋಶಿಮಾದಲ್ಲಿ. 1568ರಲ್ಲಿ ಪೋರ್ಚುಗೀಸರು ನಮ್ಮ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಮೂರು ವರ್ಷ ಕಳೆದು 1571ರಲ್ಲಿ ಜಪಾನಿನ ನಾಗಸಾಕಿ ಬಂದರು ಅವರ ವ್ಯಾಪಾರಕ್ಕೆ ತೆರೆಯಿತು. ಗೋವೆಯಿಂದ ಮಲಕ್ಕಾ, ಮಲಕ್ಕಾದಿಂದ ಮಕಾವು, ಮಕಾವುನಿಂದ ನಾಗಸಾಕಿ: ಇದು ಅವರ ದೊಡ್ಡ ಹಡಗಿನ ದಾರಿ. 1639ರಲ್ಲಿ ಜಪಾನಿನ ಸರಕಾರ ಅವರನ್ನು ಹೊರಗೆ ಹಾಕುವ ತನಕ ಈ ವ್ಯಾಪಾರ ನಡೆಯಿತು. ಹಡಗು ಹೋಯಿತು, ಮಾತು ಉಳಿಯಿತು. ಸಾಬೂನಿಗೆ ಜಪಾನಿನಲ್ಲಿ 'ಶಾಬೊನ್' ಎಂಬ ಹೆಸರು ಉಳಿದದ್ದೂ, ರೊಟ್ಟಿಗೆ 'ಪಾನ್' ಎಂಬ ಹೆಸರು ನಿಂತದ್ದೂ ಹೀಗೆಯೇ.

ನಾಗಸಾಕಿಯ ನಿಶಿಯಾಮಾ ದೇವಾಲಯದವರ ಹೇಳಿಕೆ ಮತ್ತೊಂದು ಬಗೆ. 1667ರಲ್ಲಿ ಒಂದು ಚೀನೀ ಹಡಗಿನವರು ಜಾವಾ ದ್ವೀಪದಿಂದ ತಂದ ಬೀಜವನ್ನು ಅಲ್ಲಿ ನೆಟ್ಟರು, ಜಪಾನಿನ ಝಬೊನಿಗೆ ಅದೇ ಮೂಲ ಎಂದು. ಅಂತೂ ಒಂದೇ ಹಣ್ಣಿಗೆ ಎರಡು ಊರು, ಎರಡು ಹಡಗು, ಎರಡು ಹೆಸರು. ಊರುಗಳೆರಡೂ ತಮ್ಮದೇ ಮೂಲವೆಂದು ಹೇಳುತ್ತವೆ. ತೋಟದ ಗಡಿಯ ವಿಚಾರದಲ್ಲಿ ನಮ್ಮಲ್ಲಿ ನಡೆಯುವುದೂ ಇದೇ ಅಲ್ಲವೆ?

ನಮ್ಮ ಕಡೆಯ ಲೆಕ್ಕ

ನಮ್ಮ ಕರಾವಳಿಯಲ್ಲಿಯೂ ಈ ಹಣ್ಣಿನ ಹೆಸರುಗಳು ಕಡಮೆಯಿಲ್ಲ. ಕನ್ನಡದ ಚಕ್ಕೋತ ಹಿಂದಿಯವರಿಗೆ 'ಚಕೋತ್ರಾ'. ಗೋವೆಯ ಕೊಂಕಣಿಯಲ್ಲಿ ಇದು 'ತೊರಂಜ'. ಪಾರಸಿಯಲ್ಲಿ 'ತುರಂಜ್' ಎಂದರೆ ನಮ್ಮ ಮಾದಳ ಹಣ್ಣು. ಆ ಹೆಸರು ಕೈಯಿಂದ ಕೈಗೆ ಸಾಗಿ ಬರುವಾಗ ಮಾದಳವನ್ನು ಬಿಟ್ಟು ಚಕ್ಕೋತಕ್ಕೆ ಅಂಟಿಕೊಂಡಿತು. ಕಾಸರಗೋಡು ದಾಟಿ ತೆಂಕಣಕ್ಕೆ ಹೋದರೆ ಮಲಯಾಳಿಗಳು 'ಬಬ್ಲೂಸ್ ನಾರಂಗ' ಎನ್ನುತ್ತಾರೆ, ತಮಿಳಿನವರು 'ಪಂಬಳಿಮಾಸ್' ಎನ್ನುತ್ತಾರೆ, ಮರಾಠಿಗರು 'ಪಪನಸ್' ಎನ್ನುತ್ತಾರೆ. ಇವೆಲ್ಲ ಡಚ್ಚರ 'ಪೊಂಪೆಲ್‌ಮೂಸ್' ಎಂಬ ಮಾತಿನ ಬಳಗ. ಬಂಗಾಳಿಗಳಿಗೆ ಇದು 'ಬಾತಾಬಿ ಲೇಬು', ಅಂದರೆ ಬಟೇವಿಯದ ನಿಂಬೆ. ಬಟೇವಿಯವೆಂದರೆ ಇಂದಿನ ಜಕಾರ್ತ, ನಾಗಸಾಕಿಯವರು ಹೇಳುವ ಅದೇ ಜಾವಾ ದ್ವೀಪ. ಇಂಗ್ಲಿಷರೂ ಹಿಂದೆ ಬಿದ್ದಿಲ್ಲ. ವೆಸ್ಟ್ ಇಂಡೀಸಿನ ಬಾರ್ಬಡೋಸಿಗೆ ಬೀಜ ತಂದನೆನ್ನಲಾದ ಕಪ್ತಾನನ ಹೆಸರಿನಿಂದ ಇದನ್ನು 'ಶಾಡಾಕ್' ಎಂದು ಕರೆದರು. ಭೂಮಿಯ ಎರಡು ಕಡೆಗಳಲ್ಲಿ ಒಂದೇ ಹಣ್ಣಿಗೆ ಇಬ್ಬರು ಕಪ್ತಾನರು!

ಇದರಲ್ಲಿ ನಮಗೆ ಕಾಣುವ ತತ್ವ ಇಷ್ಟೆ. ಬೆಳೆಸಿದವನ ಹೆಸರು ಹಣ್ಣಿಗೆ ಬರುವುದು ಅಪರೂಪ. ಹೊತ್ತು ತಂದವನ, ಮಾರಿದವನ, ಬರೆದಿಟ್ಟವನ ಹೆಸರೇ ಬರುತ್ತದೆ. ಮೊಝಾಂಬಿಕ್ ದೇಶದ ಹೆಸರು ಹೊತ್ತ ಮೂಸಂಬಿಯನ್ನು ನಾವು ದಿನವೂ ಹಿಂಡಿ ಕುಡಿಯುತ್ತೇವೆ. ನಮ್ಮ ಪೇರಳೆ, ಅನಾನಸು, ಬಟಾಟೆಗಳೂ ಪೋರ್ಚುಗೀಸರ ಬಾಯಿಂದ ಬಂದ ಮಾತುಗಳೇ. ಘಟ್ಟದ ಮೇಲಿನ ನಮ್ಮ ಕಾಫಿ ಸದಸ್ಯರಿಗೆ 'ಕೆಂಟ್ಸ್' ತಳಿ ಗೊತ್ತು. ಅದು ಕೆಂಟ್ ಎಂಬ ಬಿಳಿಯ ತೋಟಗಾರ 20ನೆಯ ಶತಮಾನದ ಆರಂಭದಲ್ಲಿ ಚಿಕ್ಕಮಗಳೂರು ಜಿಲ್ಲೆಯ ತನ್ನ ತೋಟದಲ್ಲಿ ಆಯ್ದ ಗಿಡ.

ಅಡಿಕೆಯನ್ನೇ ತೆಗೆದುಕೊಳ್ಳಿ. ವಿಟ್ಲದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಬಿಡುಗಡೆಯಾದ 'ಮಂಗಳಾ' ಎಂಬ ತಳಿಯ ಹೆಸರು ಕೇಳಿದರೆ ಮಂಗಳೂರಿನದೆಂದೇ ತೋರುತ್ತದೆ. ಅದರ ಮೂಲ ಬೀಜ ಬಂದದ್ದು ಚೀನಾದಿಂದ. 'ಸುಮಂಗಳಾ' ಇಂಡೋನೇಷ್ಯಾದ್ದು, 'ಶ್ರೀಮಂಗಳಾ' ಸಿಂಗಾಪುರದ್ದು. ಇನ್ನು ನಮ್ಮ ಮಾತು ಹೊರಗೆ ಹೋದದ್ದೂ ಉಂಟು. ಇಂಗ್ಲಿಷಿನ 'ಅರೆಕಾ' ಎಂಬ ಶಬ್ದ ಕನ್ನಡ ಮಲಯಾಳಗಳ ಅಡಿಕೆ, ಅಡಕ್ಕ ಎಂಬ ಮಾತನ್ನು ಪೋರ್ಚುಗೀಸರು ತಮ್ಮ ನಾಲಗೆಗೆ ಒಗ್ಗಿಸಿಕೊಂಡದ್ದರ ಫಲ. ಇಡೀ ಜಗತ್ತಿನ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ನಮ್ಮ ಅಡಿಕೆ ಇಂದಿಗೂ ಆ ಹೆಸರಿನಲ್ಲಿಯೇ ಕುಳಿತಿದೆ.

ಬೀಜಕ್ಕೆ ಹೆಸರು ನೆನಪಿಲ್ಲ

ಈಗ ಉಜಿರೆಯ ಆ ಎರಡು ಮರಗಳಿಗೆ ಹಿಂದಿರುಗೋಣ. ಕೆಂಪು ತೊಳೆಯ ಸಿಹಿ ಹಣ್ಣಿನ ಬೀಜದಿಂದ ಬಿಳಿ ತೊಳೆಯ ಕಹಿ ಹಣ್ಣು ಏಕೆ ಬಂತು?

ನಿಂಬೆಯ ಕುಲದಲ್ಲಿ ಎರಡು ಬಗೆಯ ಬೀಜಗಳಿವೆ. ಕಿತ್ತಳೆಯ ಒಂದು ಬೀಜದಿಂದ ಹಲವು ಮೊಳಕೆ ಬರುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಬಂಧವಿಲ್ಲದೆ ತಾಯಿಯ ಅಂಶದಿಂದಲೇ ಹುಟ್ಟಿದವು. ಆದ್ದರಿಂದ ಕಿತ್ತಳೆಯ ಸಸಿ ಬಹುಮಟ್ಟಿಗೆ ತಾಯಿಯಂತೆಯೇ ಇರುತ್ತದೆ. ಚಕ್ಕೋತದ ಬೀಜದಲ್ಲಿ ಇರುವುದು ಒಂದೇ ಮೊಳಕೆ. ಅದು ಎರಡು ಮರಗಳ ಕೂಡುವಿಕೆಯಿಂದ ಹುಟ್ಟಿದ್ದು. ಅಷ್ಟೇ ಅಲ್ಲ, ಚಕ್ಕೋತದ ಹೂವಿಗೆ ತನ್ನ ಮರದ ಪರಾಗ ಒಗ್ಗುವುದಿಲ್ಲ. ಪಕ್ಕದ ಇನ್ನೊಂದು ಚಕ್ಕೋತದಿಂದಲೋ, ನಿಂಬೆ ಕಿತ್ತಳೆಯಿಂದಲೋ ಪರಾಗ ಬರಬೇಕು. ಹೀಗಾಗಿ ಚಕ್ಕೋತದ ಪ್ರತಿಯೊಂದು ಬೀಜವೂ ಒಂದು ಹೊಸ ಮರ. ಅದಕ್ಕೆ ತಂದೆ ಬೇರೆ, ಗುಣ ಬೇರೆ. ಅಜ್ಜನ ಮರದ ಹೆಸರನ್ನು ಬೀಜಕ್ಕೆ ಇಡಬಹುದು, ಅಜ್ಜನ ಮರದ ಹಣ್ಣು ಬೀಜದಲ್ಲಿ ಇರುವುದಿಲ್ಲ.

ಅಕುನೆಯಲ್ಲಿ ಬೀಜದಿಂದಾದ ಮರಗಳೂ ಹೀಗೆಯೇ ಬಗೆಬಗೆಯಾಗಿರಬೇಕು. ಅದರಲ್ಲಿ ಒಳ್ಳೆಯದನ್ನು ಆರಿಸಿ ಕಸಿ ಕಟ್ಟಿ ಉಳಿಸಿಕೊಂಡವರು ಊರಿನ ಕೃಷಿಕರು. ಅವರ ಹೆಸರು ಕಥೆಯಲ್ಲಿಲ್ಲ. ಕಾಗೋಶಿಮಾದ ಒಂದು ಒಳ್ಳೆಯ ತಳಿ 20ನೆಯ ಶತಮಾನದಲ್ಲಿ ಕೊಚಿ ಸೀಮೆಗೆ ಹೋಗಿ 'ತೋಸಾ ಬುಂತಾನ್' ಎಂದು ಹೆಸರಾಯಿತು. ತೋಸಾ ಎಂಬುದು ಕೊಚಿಯ ಹಳೆಯ ಹೆಸರು. ಇಂದು ಜಪಾನಿನಲ್ಲಿ ಬುಂತಾನ್ ಹೆಚ್ಚು ಬೆಳೆಯುವುದು ಅಲ್ಲಿಯೇ. ಅಲ್ಲಿನ ತೋಟಗಾರರು ಹೂ ಬಿಟ್ಟಾಗ ಬೇರೆ ಜಾತಿಯ ನಿಂಬೆಯ ಪರಾಗವನ್ನು ಕೈಯಿಂದ ಹೂಹೂವಿಗೆ ಮುಟ್ಟಿಸುತ್ತಾರೆ. ಚಳಿಗಾಲದಲ್ಲಿ ಹಣ್ಣು ಕೊಯ್ದ ಮೇಲೆ ಕೂಡಲೆ ಮಾರುವುದಿಲ್ಲ. ತೋಟದಲ್ಲಿಯೇ ಹುಲ್ಲು ಹಾಸಿ, ಮೇಲೆ ಹೊದಿಸಿ, ಹುಳಿ ಇಳಿಯುವ ತನಕ ಇಟ್ಟು, ಅನಂತರ ಪೇಟೆಗೆ ಕಳುಹಿಸುತ್ತಾರೆ. ಒಂದು ಹೆಸರಿನ ಹಿಂದೆ ಇಷ್ಟು ದುಡಿಮೆಯಿದೆ. ಸಿಪ್ಪೆಯನ್ನೂ ಬಿಸಾಡುವುದಿಲ್ಲ, ಸಕ್ಕರೆ ಪಾಕದಲ್ಲಿ ಬೇಯಿಸಿ 'ಝಬೊನ್ ಝುಕೆ' ಎಂಬ ತಿಂಡಿ ಮಾಡಿ ಮಾರುತ್ತಾರೆ.

ನಮ್ಮ ರಾಜ್ಯದಲ್ಲಿ ಹೆಸರು ಪಡೆದ ಚಕ್ಕೋತವೆಂದರೆ ದೇವನಹಳ್ಳಿಯದು. ಅದಕ್ಕೆ ಭೌಗೋಳಿಕ ಸೂಚಿಯ ನೋಂದಣಿಯೂ ಸಿಕ್ಕಿದೆ. ಅಂದರೆ ಬೇರೆ ಊರಿನ ಹಣ್ಣನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ತೆರೆಯಿತು. ಭೂಮಿಯ ಬೆಲೆ ಏರಿತು, ಚಕ್ಕೋತದ ಹಿತ್ತಲುಗಳು ಒಂದೊಂದಾಗಿ ನಿವೇಶನಗಳಾದವು. ಕಾಯಿದೆ ಹೆಸರನ್ನು ಕಾಯಬಹುದು, ಮರವನ್ನು ಕಾಯುವುದು ಮರದ ಯಜಮಾನನೇ.

ಸದಸ್ಯರು ಮಾಡಬಹುದಾದದ್ದು

ನಮ್ಮ ಬೆಳ್ತಂಗಡಿ, ಬಂಟ್ವಾಳ, ಮೂಡಬಿದ್ರೆಯ ಕಡೆಗಳಲ್ಲಿ ಹಳೆಯ ಮನೆಗಳ ಹಿತ್ತಲಲ್ಲಿ, ಕೆರೆಯ ಬದಿಯಲ್ಲಿ ಒಂದೊಂದು ಒಳ್ಳೆಯ ಚಕ್ಕೋತ, ಕಂಚಿ, ಮಾದಳ, ಗಜನಿಂಬೆ ಇನ್ನೂ ಇವೆ. ಅವುಗಳಿಗೆ ಹೆಸರಿಲ್ಲ, ಲೆಕ್ಕವಿಲ್ಲ. ಮರ ಬಿದ್ದ ದಿನ ಆ ಹಣ್ಣು ಮುಗಿಯಿತು. ಆದ್ದರಿಂದ ಕೆಲವು ಸೂಚನೆಗಳು:

ಮೊದಲನೆಯದಾಗಿ, ಮರದ ಆರೋಗ್ಯ ನೋಡಿ. ಎಲೆಗಳಲ್ಲಿ ನರದ ಎರಡು ಕಡೆ ಹೊಂದಿಕೆಯಿಲ್ಲದ ಹಳದಿ ಮಚ್ಚೆ, ವಾರೆಯಾದ ಸಣ್ಣ ಹಣ್ಣು ಕಂಡರೆ ಅದು ಗ್ರೀನಿಂಗ್ ರೋಗವಿರಬಹುದು. ಅಂಥ ಮರದಿಂದ ಕಸಿ ತೆಗೆಯಬಾರದು, ರೋಗವೂ ಜೊತೆಗೆ ಬರುತ್ತದೆ. ಬುಡ ಕೊಳೆತದ್ದು ಮಾತ್ರವಾದರೆ ಮೇಲಿನ ಹಸಿರು ಕೊಂಬೆಯಿಂದ ತೆಗೆಯಲು ಅಡ್ಡಿಯಿಲ್ಲ.

ಎರಡನೆಯದಾಗಿ, ಮಳೆಗಾಲದ ಆರಂಭದಲ್ಲಿ ಗೂಟಿ ಕಟ್ಟಿ. ಪೆನ್ಸಿಲಿನಷ್ಟು ದಪ್ಪದ, ಕಳೆದ ವರ್ಷ ಬಂದ ಕೊಂಬೆಯಲ್ಲಿ ಒಂದು ಅಂಗುಲ ಅಗಲಕ್ಕೆ ತೊಗಟೆಯನ್ನು ಉಂಗುರದಂತೆ ತೆಗೆದು, ಒದ್ದೆ ಮಾಡಿ ಹಿಂಡಿದ ಪಾಚಿಯನ್ನು ಅಥವಾ ಹಳೆಯ ತೆಂಗಿನ ನಾರಿನ ಹುಡಿಯನ್ನು ಇಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಾಗಿ ಕಟ್ಟಿದರೆ ಎರಡು ಎರಡೂವರೆ ತಿಂಗಳಲ್ಲಿ ಬೇರು ಕಾಣಿಸುತ್ತದೆ. ಆಗ ಕತ್ತರಿಸಿ ನೆರಳಿನಲ್ಲಿ ತೊಟ್ಟೆಗೆ ಹಾಕಿ ಕೆಲವು ತಿಂಗಳು ಸಾಕಬೇಕು. ಕಸಿ ಕಟ್ಟಲು ಬಲ್ಲವರು ಜಂಬೇರಿ ಸಸಿಯ ಮೇಲೆ ಕಣ್ಣುಕಸಿ ಮಾಡಬಹುದು.

ಮೂರನೆಯದಾಗಿ, ಜಾಗ. ಅಡಿಕೆಯ ದಟ್ಟ ನೆರಳಿನಲ್ಲಿ ಚಕ್ಕೋತ ಹಣ್ಣು ಕೊಡದು. ಬಿಸಿಲು ಬೀಳುವ ತೋಟದ ಅಂಚು, ಗುಡ್ಡೆಯ ಬದಿ ಒಳ್ಳೆಯದು. ಬುಡದಲ್ಲಿ ನೀರು ನಿಲ್ಲಬಾರದು. ಮಳೆಗೆ ಮುಂಚೆ ಕಾಂಡಕ್ಕೆ ಬೋರ್ಡೋ ಮುಲಾಮು ಹಚ್ಚಿದರೆ ಕೊಳೆ ಹತೋಟಿಗೆ ಬರುತ್ತದೆ. ಒಂದೇ ಮರ ನೆಡದೆ, ಬೇರೆ ಜಾತಿಯ ಇನ್ನೊಂದನ್ನು ಹತ್ತಿರವಿಡಿ.

ನಾಲ್ಕನೆಯದಾಗಿ, ಹೆಸರು ಕೇಳಿ ಗಿಡ ಕೊಳ್ಳುವಾಗ ಬೀಜದ ಸಸಿಯೋ ಕಸಿ ಗಿಡವೋ ಎಂದು ಕೇಳಿರಿ. ನಾವೇ ಒಮ್ಮೆ ಒಂದು ನರ್ಸರಿಯಿಂದ ಹೆಸರಿನ ಚೀಟಿ ನೋಡಿ ತಂದ ಗಿಡ ಏಳನೆಯ ವರ್ಷ ಕಹಿ ಕಾಯಿ ಬಿಟ್ಟಿತು. ಚೀಟಿ ಸುಳ್ಳಾಗಿರಲಿಲ್ಲ, ಬೀಜ ಆ ಹೆಸರಿನ ಹಣ್ಣಿನದೇ ಆಗಿತ್ತು. ನಾವು ಕೇಳಬೇಕಾದದ್ದನ್ನು ಕೇಳಿರಲಿಲ್ಲ.

ಕೊನೆಯದಾಗಿ, ಹೊಸ ಗಿಡಕ್ಕೆ ಒಂದು ಹೆಸರು ಇಡಿ. ಮನೆಯ ಹೆಸರೋ, ನೆಟ್ಟ ಅಜ್ಜನ ಹೆಸರೋ ಇರಲಿ. ಯಾವ ಮರದಿಂದ, ಯಾವ ವರ್ಷ ತೆಗೆದದ್ದೆಂದು ಪುಸ್ತಕದಲ್ಲಿ ಬರೆದಿಡಿ. ಪಕ್ಕದ ಮನೆಗೆ ಒಂದು ಗಿಡ ಕೊಡಿ. ಒಂದು ತೋಟದಲ್ಲಿ ಹೋದರೆ ಇನ್ನೊಂದು ತೋಟದಲ್ಲಿ ಸಿಗುತ್ತದೆ. ಸಹಕಾರವೆಂದರೆ ಇದೂ ಅಲ್ಲವೆ?

ಉಜಿರೆಯ ಸದಸ್ಯರಿಗೆ ನಾವು ಹೇಳಿದ್ದೂ ಇದನ್ನೇ. ಎಳೆಯ ಮರವನ್ನು ಬುಡಸಮೇತ ಕಡಿಯುವುದು ಬೇಡ, ಅದರ ಬೇರು ಗಟ್ಟಿಯಿದೆ. ಮೇಲಿನ ಕೊಂಬೆಗಳನ್ನು ಮೊಟಕು ಮಾಡಿ, ಹೊಸ ಚಿಗುರು ಬಂದಾಗ ಅಜ್ಜನ ಮರದ ಕಣ್ಣು ಕೂರಿಸಬಹುದು. ಒಂದು ಕೊಂಬೆ ಮಾತ್ರ ಹಾಗೆಯೇ ಇರಲಿ, ಪರಾಗಕ್ಕೆ ಬೇಕು. ಅವರು ಹಾಗೆಯೇ ಮಾಡಿದರು. ಮುದಿ ಮರದಲ್ಲಿ ಕಟ್ಟಿದ ಆರು ಗೂಟಿಗಳಲ್ಲಿ ನಾಲ್ಕು ಬೇರು ಬಿಟ್ಟವು. ಕೂರಿಸಿದ ಕಣ್ಣುಗಳಲ್ಲಿ ಮೂರು ಚಿಗುರಿದವು. ಮುದಿ ಮರ ಈ ಮಳೆಗಾಲದ ಗಾಳಿಗೆ ಉರುಳಿತು.

ಮೊನ್ನೆ ಹೋದಾಗ ಮನೆಯ ಅಮ್ಮ ನಾಲ್ಕು ತೊಟ್ಟೆಗಳನ್ನು ತೋರಿಸಿದರು. ಪ್ರತಿಯೊಂದಕ್ಕೂ ಹಾಳೆಯ ತುಂಡಿನಲ್ಲಿ ಅಜ್ಜನ ಹೆಸರು ಬರೆದು ಕಟ್ಟಿದ್ದರು. ಒಂದನ್ನು ನಮ್ಮ ಕೈಗಿತ್ತರು. ಅದೀಗ ನಮ್ಮ ಸಂಘದ ಗೋದಾಮಿನ ಹಿಂದೆ, ಬಿಸಿಲು ಬೀಳುವ ಕಡೆ ನೆಲೆ ನಿಂತಿದೆ.